ಜಾನುವಾರು ಸಾಕಣೆದಾರರಿಗೆ ಸರ್ಕಾರದ ಸಹಾಯಧನ: ಯಾವ ಹಣಕ್ಕೆ ಯಾವ ದಾಖಲೆ ಆಧಾರ?

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಹಾಗೂ ತುಮಕೂರು ಜಿಲ್ಲೆಯ ಶಿರಾ, ಪಾವಗಡ ಮುಂತಾದ ತಾಲ್ಲೂಕುಗಳು ಮಳೆ ಕಡಿಮೆ ಇರುವ ಪ್ರದೇಶಗಳಾಗಿವೆ. ಈ ಭಾಗದ ಅನೇಕ ಕುಟುಂಬಗಳಿಗೆ ಬೇಸಾಯಕ್ಕಿಂತ ಕುರಿ, ಮೇಕೆ, ದನಕರುಗಳೇ ನಂಬಿಕೆಯ ಆಸರೆ. ಮಳೆ ಕೈಕೊಟ್ಟ ವರ್ಷದಲ್ಲಿ ಹೊಲ ಬರಿದಾದರೂ ರೊಪ್ಪದಲ್ಲಿರುವ ಕುರಿಗಳು ಸಂಸಾರವನ್ನು ನಡೆಸುತ್ತವೆ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳು, 61 ಲಕ್ಷಕ್ಕೂ ಹೆಚ್ಚು ಮೇಕೆಗಳು, ಸುಮಾರು 85 ಲಕ್ಷ ದನಗಳು ಮತ್ತು ಸುಮಾರು 30 ಲಕ್ಷ ಎಮ್ಮೆಗಳಿದ್ದವು.

ಕೃಷಿಕರಿಗೂ ಜಾನುವಾರು ಸಾಕಣೆದಾರರಿಗೂ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಲವು ಯೋಜನೆಗಳ ಮೂಲಕ ಹಣವನ್ನು ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಮಾಡುತ್ತವೆ. ಆದರೂ ಒಂದೇ ಗ್ರಾಮದಲ್ಲಿ, ಒಂದೇ ಬಗೆಯ ಕಷ್ಟಕ್ಕೆ ಒಳಗಾದ ಇಬ್ಬರಲ್ಲಿ ಒಬ್ಬರಿಗೆ ಹಣ ಬಂದು ಮತ್ತೊಬ್ಬರಿಗೆ ಬಾರದಿರುವುದುಂಟು. ಇದಕ್ಕೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಒಂದೇ: ಪ್ರತಿಯೊಂದು ಯೋಜನೆಯ ಹಣವೂ ಒಂದು ನಿರ್ದಿಷ್ಟ ದಾಖಲೆಯನ್ನು ಆಧರಿಸಿ ಬಿಡುಗಡೆಯಾಗುತ್ತದೆ. ಆ ದಾಖಲೆ ಇಲ್ಲದಿದ್ದಲ್ಲಿ, ಅಥವಾ ಅದು ಬೇರೆಯವರ ಹೆಸರಿನಲ್ಲಿದ್ದಲ್ಲಿ, ನಷ್ಟ ಎಷ್ಟೇ ನಿಜವಾಗಿದ್ದರೂ ಹಣ ಬಿಡುಗಡೆಯಾಗುವುದಿಲ್ಲ.

ಯಾವ ಹಣಕ್ಕೆ ಯಾವ ದಾಖಲೆ ಆಧಾರ, ಅದನ್ನು ಯಾವಾಗ ಸಿದ್ಧಪಡಿಸಿಕೊಳ್ಳಬೇಕು, ಹಣ ಬಾರದಿದ್ದಲ್ಲಿ ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ನಾಲ್ಕು ಬಗೆಯ ಆಧಾರಗಳು

ಜಾನುವಾರು ಸಾಕಣೆದಾರರ ಕೈಸೇರಬಹುದಾದ ಸರ್ಕಾರಿ ಹಣವನ್ನು ಸುಲಭವಾಗಿ ಅರ್ಥಮಾಡಿಕೊಳ್ಳಲು ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು.

ಅ) ಭೂಮಿಯನ್ನು ಆಧರಿಸಿದ ಹಣ: ಪಹಣಿಯಲ್ಲಿ ಹೆಸರು ಇರುವವರಿಗೆ ದೊರೆಯುವಂಥದ್ದು. ಉದಾ: ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ನಿಧಿ, ಬೆಳೆ ಹಾನಿ ಪರಿಹಾರ.

ಆ) ಉತ್ಪನ್ನವನ್ನು ಆಧರಿಸಿದ ಹಣ: ಸಹಕಾರ ಸಂಘಕ್ಕೆ ಹಾಕಿದ ಹಾಲಿನ ಪ್ರಮಾಣದ ಮೇಲೆ ದೊರೆಯುವ ಪ್ರೋತ್ಸಾಹಧನ.

ಇ) ಪ್ರಾಣಿಯನ್ನು ಆಧರಿಸಿದ ಹಣ: ಜಾನುವಾರು ಮರಣ ಹೊಂದಿದಾಗ ದೊರೆಯುವ ಪರಿಹಾರ ಮತ್ತು ವಿಮೆ.

ಈ) ಸಾಲವನ್ನು ಆಧರಿಸಿದ ಹಣ: ಬ್ಯಾಂಕ್ ಸಾಲದ ಬಡ್ಡಿಯಲ್ಲಿ ರಿಯಾಯಿತಿ ಅಥವಾ ಘಟಕ ಸ್ಥಾಪನೆಗೆ ದೊರೆಯುವ ಬಂಡವಾಳ ಸಹಾಯಧನ.

ಒಂದು ಗುಂಪಿನ ದಾಖಲೆ ಇನ್ನೊಂದು ಗುಂಪಿಗೆ ನೆರವಾಗುವುದಿಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ನೂರು ಕುರಿಗಳಿದ್ದರೂ ಪಹಣಿಯಲ್ಲಿ ಹೆಸರಿಲ್ಲದವರಿಗೆ ಕಿಸಾನ್ ಸಮ್ಮಾನ್ ನಿಧಿ ದೊರೆಯುವುದಿಲ್ಲ. ಹಾಗೆಯೇ ಹತ್ತು ಎಕರೆ ಜಮೀನಿದ್ದರೂ ಮರಣೋತ್ತರ ಪರೀಕ್ಷೆ ಮಾಡಿಸದೆ ಹೂತ ಕುರಿಗೆ ಪರಿಹಾರ ದೊರೆಯುವುದಿಲ್ಲ.

3. ಭೂಮಿಯನ್ನು ಆಧರಿಸಿದ ಹಣ

3.1 ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ನಿಧಿ

ಈ ಯೋಜನೆಗೆ 2019ರ ಫೆಬ್ರವರಿ 24ರಂದು ಚಾಲನೆ ನೀಡಲಾಯಿತು. ವರ್ಷಕ್ಕೆ 6,000 ರೂ.ಗಳನ್ನು ತಲಾ 2,000 ರೂ.ಗಳ ಮೂರು ಕಂತುಗಳಲ್ಲಿ ಜಮಾ ಮಾಡಲಾಗುತ್ತದೆ. ಆರಂಭದಲ್ಲಿ 2 ಹೆಕ್ಟೇರ್‌ವರೆಗಿನ ಭೂಹಿಡುವಳಿದಾರರಿಗೆ ಮಾತ್ರ ಸೀಮಿತವಾಗಿದ್ದ ಯೋಜನೆಯನ್ನು ಅದೇ ವರ್ಷ ಎಲ್ಲ ಭೂಹಿಡುವಳಿದಾರ ರೈತ ಕುಟುಂಬಗಳಿಗೆ ವಿಸ್ತರಿಸಲಾಯಿತು. ಕರ್ನಾಟಕ ಸರ್ಕಾರವು 2019ರಿಂದ ಇದರ ಜೊತೆಗೆ ನೀಡುತ್ತಿದ್ದ ವಾರ್ಷಿಕ 4,000 ರೂ.ಗಳ ಹೆಚ್ಚುವರಿ ನೆರವು 2023ರಲ್ಲಿ ಸ್ಥಗಿತಗೊಂಡಿರುವುದರಿಂದ, ಆ ಮೊತ್ತವನ್ನು ಈಗ ನಿರೀಕ್ಷಿಸುವಂತಿಲ್ಲ.

ಈ ಯೋಜನೆಯಲ್ಲಿ ಕುಟುಂಬ ಎಂದರೆ ಪತಿ, ಪತ್ನಿ ಮತ್ತು ಅಪ್ರಾಪ್ತ ವಯಸ್ಸಿನ ಮಕ್ಕಳು. ಕೆಳಕಂಡವರು ಅರ್ಹರಲ್ಲ:

• ಹಿಂದಿನ ಕರನಿರ್ಧಾರಣೆ ವರ್ಷದಲ್ಲಿ ಆದಾಯ ತೆರಿಗೆ ಪಾವತಿಸಿದವರು
• ಹಾಲಿ ಮತ್ತು ನಿವೃತ್ತ ಸರ್ಕಾರಿ ನೌಕರರು (ಗ್ರೂಪ್ ಡಿ ನೌಕರರನ್ನು ಹೊರತುಪಡಿಸಿ)
• ತಿಂಗಳಿಗೆ 10,000 ರೂ. ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಪಡೆಯುವವರು (ಗ್ರೂಪ್ ಡಿ ನಿವೃತ್ತರನ್ನು ಹೊರತುಪಡಿಸಿ)
• ಹಾಲಿ ಮತ್ತು ಮಾಜಿ ಸಂಸದರು, ಶಾಸಕರು, ಸಚಿವರು ಹಾಗೂ ಸಾಂವಿಧಾನಿಕ ಹುದ್ದೆ ಹೊಂದಿರುವವರು
• ವೃತ್ತಿಯಲ್ಲಿ ತೊಡಗಿರುವ ವೈದ್ಯರು, ವಕೀಲರು, ಇಂಜಿನಿಯರುಗಳು, ಲೆಕ್ಕ ಪರಿಶೋಧಕರು ಮುಂತಾದವರು
• ಸಂಸ್ಥೆಗಳ ಹೆಸರಿನಲ್ಲಿರುವ ಜಮೀನಿನ ಹಿಡುವಳಿದಾರರು

ಗುತ್ತಿಗೆಗೆ ಅಥವಾ ಕೋರಿಗೆ ಜಮೀನು ಮಾಡುವವರು, ಸ್ವತಃ ಉಳುಮೆ ಮಾಡುತ್ತಿದ್ದರೂ, ಪಹಣಿಯಲ್ಲಿ ಹಿಡುವಳಿದಾರರೆಂದು ಹೆಸರು ಇಲ್ಲದಿದ್ದಲ್ಲಿ ಅರ್ಹರಾಗುವುದಿಲ್ಲ. ಭೂರಹಿತ ಕುರಿಗಾಹಿಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅರ್ಹತೆಯನ್ನು ಭೂದಾಖಲೆಯ ಮೇಲೆ ನಿಗದಿಪಡಿಸಿರುವುದರಿಂದ ಅವರ ಅರ್ಜಿಯನ್ನು ಸ್ವೀಕರಿಸಲು ಕಚೇರಿಗೆ ಅವಕಾಶವಿರುವುದಿಲ್ಲ. ಅಂತಹವರು ಈ ಲೇಖನದ 4ರಿಂದ 6ರವರೆಗಿನ ಭಾಗಗಳನ್ನು ವಿಶೇಷವಾಗಿ ಗಮನಿಸಬೇಕು.

3.2 ಪೌತಿ ಖಾತೆಯ ಮಹತ್ವ

ಗ್ರಾಮಾಂತರ ಪ್ರದೇಶಗಳಲ್ಲಿ ಜಮೀನು ಇನ್ನೂ ಮರಣ ಹೊಂದಿದ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಮುಂದುವರಿದಿರುವುದು ಸಾಮಾನ್ಯ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ನೆಮ್ಮದಿಯಾಗಿಯೇ ಉಳುಮೆ ಮಾಡುತ್ತಿರುತ್ತಾರೆ. ಆದರೆ ಗಣಕಯಂತ್ರದಲ್ಲಿರುವ ಪಹಣಿಗೆ ಬಾಯಿಮಾತಿನ ಭಾಗ ತಿಳಿಯುವುದಿಲ್ಲ. ಮೃತರ ಹೆಸರಿನಲ್ಲಿರುವ ಜಮೀನಿಗೆ ಕಿಸಾನ್ ಸಮ್ಮಾನ್ ನಿಧಿಯಾಗಲಿ, ಬೆಳೆ ಹಾನಿ ಪರಿಹಾರವಾಗಲಿ ವಾರಸುದಾರರ ಖಾತೆಗೆ ಬರಲು ಸಾಧ್ಯವಿಲ್ಲ.

ಇದಕ್ಕೆ ಪರಿಹಾರವೆಂದರೆ ಪೌತಿ ಖಾತೆ ಬದಲಾವಣೆ. ವಾರಸುದಾರರು ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 128 ಮತ್ತು 129ನೇ ಪ್ರಕರಣಗಳು ಹಕ್ಕು ಬದಲಾವಣೆಯ ವರದಿ ಹಾಗೂ ಮ್ಯುಟೇಶನ್‌ಗೆ ಸಂಬಂಧಿಸಿವೆ. ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ನೀಡಿದ ನಂತರವಷ್ಟೇ ಖಾತೆ ಬದಲಾಗುತ್ತದೆ. ಆದುದರಿಂದ ಸಹಾಯಧನದ ಕಂತು ಘೋಷಣೆಯಾದ ಮೇಲೆ ಅರ್ಜಿ ಹಾಕಿದರೆ ಆ ಕಂತಿಗೆ ಪ್ರಯೋಜನವಾಗುವುದು ಕಷ್ಟ.

ಕಿಸಾನ್ ಸಮ್ಮಾನ್ ನಿಧಿಯ ಮಾರ್ಗಸೂಚಿಯಲ್ಲಿ ಅರ್ಹತೆಗೆ ಭೂಹಿಡುವಳಿಯನ್ನು ನಿರ್ಧರಿಸುವ ದಿನಾಂಕವನ್ನು 01-02-2019 ಎಂದು ನಿಗದಿಪಡಿಸಿ, ಆ ನಂತರದ ಬದಲಾವಣೆಗಳಲ್ಲಿ ಹಿಡುವಳಿದಾರರ ಮರಣದಿಂದ ಉಂಟಾದ ಉತ್ತರಾಧಿಕಾರಕ್ಕೆ ವಿನಾಯಿತಿ ನೀಡಲಾಗಿದೆ. ಆದುದರಿಂದ ಪೌತಿ ಖಾತೆಯ ಮೂಲಕ ಜಮೀನು ಪಡೆದವರು ತಮಗೆ ಅವಕಾಶವಿಲ್ಲವೆಂದು ಭಾವಿಸಿ ಸುಮ್ಮನಾಗುವ ಅಗತ್ಯವಿಲ್ಲ.

3.3 ಫ್ರೂಟ್ಸ್ ಗುರುತಿನ ಸಂಖ್ಯೆ

ರಾಜ್ಯದಲ್ಲಿ ರೈತರ ವಿವರಗಳನ್ನು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ ಪ್ರತಿಯೊಬ್ಬರಿಗೂ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ನೀಡಲಾಗುತ್ತದೆ. ಇದು ಭೂಮಿ ತಂತ್ರಾಂಶದ ಪಹಣಿ ವಿವರಗಳೊಂದಿಗೆ ಜೋಡಣೆಯಾಗಿರುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಆಧಾರ್, ಪಹಣಿ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳೊಂದಿಗೆ ನೋಂದಾಯಿಸಿಕೊಳ್ಳಬಹುದು.

ಎಫ್‌ಐಡಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಒಬ್ಬರಿಗೆ ಮೂರು ಸರ್ವೆ ನಂಬರುಗಳಲ್ಲಿ ಜಮೀನಿದ್ದು ಒಂದನ್ನು ಮಾತ್ರ ಜೋಡಿಸಿದ್ದರೆ, ಉಳಿದ ಎರಡರ ವಿಸ್ತೀರ್ಣ ಲೆಕ್ಕಕ್ಕೆ ಬರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ ಪರಿಹಾರ ಪಾವತಿಗೆ ಫ್ರೂಟ್ಸ್ ದತ್ತಾಂಶವನ್ನೇ ಬಳಸಲಾಯಿತು. ಎಲ್ಲ ಸರ್ವೆ ನಂಬರುಗಳನ್ನೂ ಮೊದಲೇ ಜೋಡಿಸಿಕೊಂಡಿರುವುದು ಏಕೆ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

4. ಹಾಲಿನ ಪ್ರೋತ್ಸಾಹಧನ

ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಹಾಲು ಸರಬರಾಜು ಮಾಡುವ ಸದಸ್ಯರಿಗೆ ರಾಜ್ಯ ಸರ್ಕಾರವು 2008ರಲ್ಲಿ ಪ್ರತಿ ಲೀಟರಿಗೆ 2 ರೂ.ಗಳಂತೆ ಪ್ರೋತ್ಸಾಹಧನ ನೀಡಲು ಪ್ರಾರಂಭಿಸಿತು. 2013ರಲ್ಲಿ ಇದನ್ನು 4 ರೂ.ಗಳಿಗೆ, ಆ ಬಳಿಕ 5 ರೂ.ಗಳಿಗೆ ಹೆಚ್ಚಿಸಲಾಯಿತು. ಇದು ಸಂಘವು ನೀಡುವ ಹಾಲಿನ ಬೆಲೆಗೆ ಹೆಚ್ಚುವರಿಯಾದ ಹಣವಾಗಿದ್ದು, ಉತ್ಪಾದಕರ ಬ್ಯಾಂಕ್ ಖಾತೆಗೆ ಪ್ರತ್ಯೇಕವಾಗಿ ಜಮಾ ಆಗುತ್ತದೆ.

ಉದಾಹರಣೆಗೆ, ದಿನಕ್ಕೆ 8 ಲೀಟರ್ ಹಾಲು ಹಾಕುವ ಸದಸ್ಯರು 30 ದಿನಗಳಲ್ಲಿ 240 ಲೀಟರ್ ಹಾಕಿದಂತಾಗುತ್ತದೆ. ಲೀಟರಿಗೆ 5 ರೂ.ಗಳಂತೆ ಆ ತಿಂಗಳ ಪ್ರೋತ್ಸಾಹಧನ 1,200 ರೂ.ಗಳಾಗುತ್ತದೆ. ಪಾಸ್ ಪುಸ್ತಕದಲ್ಲಿ ಹಾಲಿನ ಬಟವಾಡೆ ಮತ್ತು ಪ್ರೋತ್ಸಾಹಧನ ಬೇರೆ ಬೇರೆ ದಿನಾಂಕಗಳಲ್ಲಿ ನಮೂದಾಗಬಹುದು. ಎರಡನ್ನೂ ಸಂಘದ ಹಾಲಿನ ಲೆಕ್ಕದೊಂದಿಗೆ ತಾಳೆ ನೋಡಿಕೊಳ್ಳುವುದು ಒಳ್ಳೆಯದು.

ಇಲ್ಲಿ ಆಧಾರವಾಗುವ ದಾಖಲೆ ಸಂಘದ ಹಾಲಿನ ಲೆಕ್ಕವೇ ಹೊರತು ಪಹಣಿಯಲ್ಲ. ಆದುದರಿಂದ ಜಮೀನಿಲ್ಲದವರೂ ಈ ಹಣಕ್ಕೆ ಅರ್ಹರು. ಜಮೀನು ಪತಿಯ ಹೆಸರಿನಲ್ಲಿದ್ದು, ಹಸುವಿನ ಆರೈಕೆಯನ್ನೆಲ್ಲ ಪತ್ನಿಯೇ ನೋಡಿಕೊಳ್ಳುತ್ತಿರುವ ಕುಟುಂಬಗಳಲ್ಲಿ ಸಂಘದ ಸದಸ್ಯತ್ವವನ್ನು ಆಕೆಯ ಹೆಸರಿನಲ್ಲಿ ಪಡೆದರೆ ಹಾಲಿನ ಹಣವೂ ಪ್ರೋತ್ಸಾಹಧನವೂ ಆಕೆಯ ಖಾತೆಗೆ ಬರುತ್ತವೆ. ಹೋಟೆಲ್, ಖಾಸಗಿ ಡೇರಿ ಅಥವಾ ಮನೆಗಳಿಗೆ ನೇರವಾಗಿ ಮಾರಿದ ಹಾಲಿಗೆ ಪ್ರೋತ್ಸಾಹಧನ ಇರುವುದಿಲ್ಲ.

5. ಜಾನುವಾರು ಮರಣ ಹೊಂದಿದಾಗ

5.1 ಅನುಗ್ರಹ ಯೋಜನೆ

ಆಕಸ್ಮಿಕವಾಗಿ ಮರಣ ಹೊಂದಿದ ಜಾನುವಾರುಗಳಿಗೆ ಪರಿಹಾರ ನೀಡುವ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯನ್ನು ಕೆಲಕಾಲದ ಸ್ಥಗಿತದ ನಂತರ 2023ರಲ್ಲಿ ಮರುಜಾರಿಗೊಳಿಸಲಾಯಿತು. 2025-26ನೇ ಸಾಲಿನ ಆಯವ್ಯಯದಲ್ಲಿ ಪರಿಹಾರದ ಮೊತ್ತವನ್ನು ಈ ಕೆಳಕಂಡಂತೆ ಹೆಚ್ಚಿಸಿ ಘೋಷಿಸಲಾಯಿತು:

• ಹಸು, ಎಮ್ಮೆ, ಎತ್ತು: 10,000 ರೂ.ಗಳಿಂದ 15,000 ರೂ.ಗಳಿಗೆ
• ಕುರಿ, ಮೇಕೆ: 5,000 ರೂ.ಗಳಿಂದ 7,500 ರೂ.ಗಳಿಗೆ
• 3ರಿಂದ 6 ತಿಂಗಳ ಕುರಿ, ಮೇಕೆ ಮರಿ: 3,500 ರೂ.ಗಳಿಂದ 5,000 ರೂ.ಗಳಿಗೆ

ಈ ಪರಿಹಾರಕ್ಕೆ ಮುಖ್ಯ ಆಧಾರ ಪಶುವೈದ್ಯಾಧಿಕಾರಿಗಳು ನೀಡುವ ಮರಣೋತ್ತರ ಪರೀಕ್ಷಾ ವರದಿ. ಪಹಣಿಯನ್ನು ಯಾವಾಗ ಬೇಕಾದರೂ ತಿದ್ದುಪಡಿ ಮಾಡಿಸಬಹುದು. ಸತ್ತ ಪ್ರಾಣಿಯ ಕಳೇಬರವನ್ನು ಕಾದಿರಿಸಲಾಗದು. ಬೇಸಿಗೆಯಲ್ಲಿ ಒಂದು ದಿನ ಕಳೆದರೆ ಸಾವಿನ ಕಾರಣ ಹೇಳುವುದು ಪಶುವೈದ್ಯರಿಗೂ ಕಷ್ಟವಾಗುತ್ತದೆ. ಆದುದರಿಂದ ಮಾಲೀಕರು ಈ ಕೆಳಕಂಡ ಕ್ರಮಗಳನ್ನು ತಡಮಾಡದೆ ಅನುಸರಿಸಬೇಕು:

(1) ಪ್ರಾಣಿ ಸತ್ತ ಕೂಡಲೇ ಹತ್ತಿರದ ಪಶುವೈದ್ಯ ಸಂಸ್ಥೆಗೆ ತಿಳಿಸುವುದು. ದೂರವಾಣಿಯಲ್ಲಿ ತಿಳಿಸಿದಲ್ಲಿ ಕರೆ ಮಾಡಿದ ದಿನ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳುವುದು.

(2) ಪಶುವೈದ್ಯರು ಬರುವವರೆಗೆ ಕಳೇಬರವನ್ನು ನೆರಳಿನಲ್ಲಿ, ನಾಯಿ ನರಿಗಳಿಗೆ ಸಿಗದಂತೆ ಇಡುವುದು. ಹೂಳುವುದಾಗಲಿ, ಚರ್ಮ ಸುಲಿಯುವುದಾಗಲಿ, ಮಾಂಸಕ್ಕೆ ಮಾರುವುದಾಗಲಿ ಮಾಡಬಾರದು.

(3) ಕಿವಿಯಲ್ಲಿ 12 ಅಂಕಿಗಳ ಓಲೆ ಇದ್ದಲ್ಲಿ ಅದನ್ನು ಕೀಳದೆ ಹಾಗೆಯೇ ಬಿಡುವುದು. ಪ್ರಾಣಿಯ ಗುರುತನ್ನು ಖಚಿತಪಡಿಸಲು ಅದು ನೆರವಾಗುತ್ತದೆ.

(4) ಓಲೆಯ ಸಂಖ್ಯೆ ಕಾಣುವಂತೆ ಕಳೇಬರದ ಛಾಯಾಚಿತ್ರ ತೆಗೆದುಕೊಳ್ಳುವುದು.

(5) ಪರೀಕ್ಷೆಯ ನಂತರ ವರದಿ ಮತ್ತು ಅರ್ಜಿಯ ಸ್ವೀಕೃತಿಯನ್ನು ಕೇಳಿ ಪಡೆಯುವುದು. ಪ್ರಾಣಿಗೆ ವಿಮೆ ಇದ್ದಲ್ಲಿ ಆ ವಿಷಯವನ್ನು ಅರ್ಜಿಯಲ್ಲಿ ಮರೆಮಾಚದೆ ನಮೂದಿಸುವುದು.

ವಿಶೇಷ ಎಚ್ಚರಿಕೆ: ಯಾವುದೇ ಕಾಯಿಲೆಯ ಲಕ್ಷಣ ತೋರದೆ ಪ್ರಾಣಿ ಹಠಾತ್ತನೆ ಸತ್ತು, ಮೂಗು, ಬಾಯಿ ಅಥವಾ ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದಲ್ಲಿ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಆಗಿರುವ ಸಂಭವವಿದೆ. ಈ ರೋಗ ಮನುಷ್ಯರಿಗೂ ಹರಡುತ್ತದೆ. ಅಂತಹ ಕಳೇಬರವನ್ನು ಮುಟ್ಟಬಾರದು, ಕೊಯ್ಯಬಾರದು. ಪಶುವೈದ್ಯರು ಸಹ ಅದನ್ನು ಬಿಚ್ಚದೆ, ರಕ್ತದ ಲೇಪನದ ಮಾದರಿ ಪಡೆದು ರೋಗ ಪತ್ತೆ ಮಾಡುತ್ತಾರೆ. ನಂತರ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

5.2 ಒಂದು ಲೆಕ್ಕ

60 ಕುರಿಗಳ ಮಂದೆಯಿರುವ ಒಬ್ಬ ಸಾಕಣೆದಾರರ ರೊಪ್ಪದಲ್ಲಿ ಒಂದೇ ವಾರದಲ್ಲಿ ನಾಲ್ಕು ದೊಡ್ಡ ಕುರಿಗಳೂ, ನಾಲ್ಕು ತಿಂಗಳ ಒಂದು ಮರಿಯೂ ಸತ್ತವೆಂದು ಭಾವಿಸೋಣ. ಮೊದಲ ಕುರಿ ಸತ್ತಾಗ ಪಶುವೈದ್ಯರಿಗೆ ತಿಳಿಸದೆ ಹೂಳಲಾಯಿತು. ಉಳಿದ ಮೂರು ಕುರಿ ಮತ್ತು ಮರಿಗೆ ಮರಣೋತ್ತರ ಪರೀಕ್ಷೆ ಮಾಡಿಸಲಾಯಿತು. ಮೇಲ್ಕಂಡ ಹೆಚ್ಚಿಸಿದ ದರದಂತೆ ಮೂರು ಕುರಿಗಳಿಗೆ 22,500 ರೂ. ಮತ್ತು ಮರಿಗೆ 5,000 ರೂ., ಒಟ್ಟು 27,500 ರೂ.ಗಳಿಗೆ ಬೇಡಿಕೆ ಸಲ್ಲಿಸಬಹುದು. ಮೊದಲು ಹೂತ ಕುರಿಯ 7,500 ರೂ.ಗಳಿಗೆ ಆಧಾರವೇ ಉಳಿಯಲಿಲ್ಲ. ಹಣಕ್ಕಿಂತ ಮುಖ್ಯವಾದ ನಷ್ಟ ಇನ್ನೊಂದಿದೆ. ಮೊದಲ ಸಾವಿನಲ್ಲಿಯೇ ಕಾರಣ ತಿಳಿದಿದ್ದರೆ ಮಂದೆಗೆ ಲಸಿಕೆ ಅಥವಾ ಔಷಧಿ ಕೊಡಿಸಿ ಉಳಿದವನ್ನು ಕಾಪಾಡಿಕೊಳ್ಳಲು ಅವಕಾಶವಿತ್ತು.

5.3 ಪ್ರಕೃತಿ ವಿಕೋಪದಲ್ಲಿ ಮರಣ

ನೆರೆ, ಆಲಿಕಲ್ಲು ಮಳೆ ಮುಂತಾದ ಪ್ರಕೃತಿ ವಿಕೋಪಗಳಲ್ಲಿ ಜಾನುವಾರು ಸತ್ತಲ್ಲಿ ರಾಜ್ಯ ವಿಪತ್ತು ಪ್ರತಿಕ್ರಿಯಾ ನಿಧಿಯಿಂದ ಪರಿಹಾರಕ್ಕೆ ಅವಕಾಶವಿದೆ. ಇದರ ಅರ್ಜಿಯನ್ನು ತಹಶೀಲ್ದಾರರಿಗೆ ಸಲ್ಲಿಸಬೇಕು. ಕೇಂದ್ರ ಸರ್ಕಾರವು 2022-23ರಿಂದ 2025-26ರವರೆಗಿನ ಅವಧಿಗೆ ನಿಗದಿಪಡಿಸಿದ ಮಾನದಂಡಗಳಲ್ಲಿ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂ., ಎತ್ತಿಗೆ 32,000 ರೂ., ಕರುವಿಗೆ 20,000 ರೂ. ಹಾಗೂ ಕುರಿ, ಮೇಕೆಗೆ 4,000 ರೂ. ಎಂದು ತಿಳಿಸಲಾಗಿದೆ. ಹಾಲು ಕೊಡುವ ದೊಡ್ಡ ಪ್ರಾಣಿಗಳಾದರೆ ಒಂದು ಕುಟುಂಬಕ್ಕೆ 3, ಕುರಿ ಮೇಕೆಗಳಾದರೆ 30 ಎಂಬ ಮಿತಿಯಿದೆ.

ಇದೇ ಮಾನದಂಡಗಳಲ್ಲಿ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ. ಮತ್ತು ಬಹುವಾರ್ಷಿಕ ಬೆಳೆಗೆ 22,500 ರೂ.ಗಳಂತೆ 2 ಹೆಕ್ಟೇರ್‌ಗಳ ಮಿತಿಗೆ ಒಳಪಟ್ಟು ಪರಿಹಾರ ನಿಗದಿಯಾಗಿದೆ. ಬೆಳೆಯ ಪರಿಹಾರಕ್ಕೆ ಪಹಣಿ, ಪ್ರಾಣಿಯ ಪರಿಹಾರಕ್ಕೆ ಪಶುವೈದ್ಯರ ವರದಿ: ಒಂದೇ ವಿಕೋಪದಲ್ಲಿಯೂ ಆಧಾರಗಳು ಬೇರೆ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಯಾವುದೇ ಯೋಜನೆಯಲ್ಲಿ ದರಗಳು ಸರ್ಕಾರದ ಆದೇಶದಂತೆ ಕಾಲಕಾಲಕ್ಕೆ ಬದಲಾಗುತ್ತವೆ. ಅರ್ಜಿ ಸಲ್ಲಿಸುವಾಗ ಜಾರಿಯಲ್ಲಿರುವ ದರವನ್ನು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

5.4 ಜಾನುವಾರು ವಿಮೆ

ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ವಿಮೆಯ ಕಂತಿಗೂ ಸಹಾಯಧನವಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಕೈಗೊಂಡ ತೀರ್ಮಾನದಂತೆ ಫಲಾನುಭವಿಯ ಪಾಲನ್ನು ವಿಮಾ ಕಂತಿನ ಶೇ. 15ಕ್ಕೆ ಇಳಿಸಲಾಯಿತು. ಅದಕ್ಕೆ ಮುನ್ನ ಈ ಪಾಲು ಶೇ. 20ರಿಂದ 50ರವರೆಗೆ ಇತ್ತು. ಉಳಿದ ಮೊತ್ತವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಕುರಿ, ಮೇಕೆಗಳಿಗೆ 5 ಜಾನುವಾರು ಘಟಕಗಳಿಗಿದ್ದ ಮಿತಿಯನ್ನು 10 ಘಟಕಗಳಿಗೆ ಹೆಚ್ಚಿಸಲಾಯಿತು. ಹತ್ತು ಕುರಿಗಳು ಒಂದು ಘಟಕವಾಗುವುದರಿಂದ 100 ಕುರಿಗಳವರೆಗೆ ವಿಮೆ ಮಾಡಿಸಬಹುದು. ಪರಿಹಾರ ಯೋಜನೆಗಳು ಸರ್ಕಾರದ ಆದೇಶದ ಮೇಲೆ ನಿಂತಿವೆ. ವಿಮೆಯು ಕರಾರಿನ ಮೇಲೆ ನಿಂತಿದೆ. ದೊಡ್ಡ ಮಂದೆಯುಳ್ಳವರು ಈ ವ್ಯತ್ಯಾಸವನ್ನು ಮನಗಂಡು ವಿಮೆಯ ಬಗ್ಗೆ ಯೋಚಿಸುವುದು ಸೂಕ್ತ.

6. ಸಾಲವನ್ನು ಆಧರಿಸಿದ ನೆರವು

ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಪಶುಸಂಗೋಪನೆಗೂ ವಿಸ್ತರಿಸಲಾಗಿದೆ. ಕುರಿ, ಮೇಕೆ, ಹೈನು ರಾಸುಗಳ ಮೇವು, ಔಷಧಿ, ಕೂಲಿ ಮುಂತಾದ ದುಡಿಮೆ ಬಂಡವಾಳಕ್ಕೆ ಸಾಲ ದೊರೆಯುತ್ತದೆ. ಪಶುಸಂಗೋಪನೆಗೆ 2 ಲಕ್ಷ ರೂ.ಗಳವರೆಗಿನ ಸಾಲಕ್ಕೆ ಬಡ್ಡಿ ರಿಯಾಯಿತಿ ಇದ್ದು, ಸಕಾಲದಲ್ಲಿ ಮರುಪಾವತಿ ಮಾಡಿದವರಿಗೆ ಬಡ್ಡಿಯ ಹೊರೆ ಶೇ. 4ಕ್ಕೆ ಇಳಿಯುತ್ತದೆ. ಗಡುವು ಮೀರಿದಲ್ಲಿ ಮರುಪಾವತಿಯ ಶೇ. 3ರ ರಿಯಾಯಿತಿ ಕೈತಪ್ಪುತ್ತದೆ. ಈ ಸಾಲಕ್ಕೆ ಕೊಟ್ಟಿಗೆ ಅಥವಾ ರೊಪ್ಪದ ಜಾಗ ಬಾಡಿಗೆಯದಾಗಿದ್ದರೂ ಅರ್ಜಿ ಸಲ್ಲಿಸಬಹುದು.

ದೊಡ್ಡ ಪ್ರಮಾಣದಲ್ಲಿ ಕುರಿ ಅಥವಾ ಮೇಕೆ ತಳಿ ಸಂವರ್ಧನಾ ಘಟಕ ಸ್ಥಾಪಿಸುವವರಿಗೆ ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ಶೇ. 50ರ ಬಂಡವಾಳ ಸಹಾಯಧನವಿದೆ. 100 ಹೆಣ್ಣು ಮತ್ತು 5 ಗಂಡು ಪ್ರಾಣಿಗಳ ಘಟಕಕ್ಕೆ ಗರಿಷ್ಠ 10 ಲಕ್ಷ ರೂ., 500 ಹೆಣ್ಣು ಮತ್ತು 25 ಗಂಡು ಪ್ರಾಣಿಗಳ ಘಟಕಕ್ಕೆ ಗರಿಷ್ಠ 50 ಲಕ್ಷ ರೂ. ಎಂದು ಮಿತಿಯಿದೆ. ಈ ಹಣ ಎರಡು ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಘಟಕ ಪೂರ್ಣಗೊಂಡು ಪರಿಶೀಲನೆ ಮುಗಿದ ಮೇಲಷ್ಟೇ ಎರಡನೇ ಕಂತು ದೊರೆಯುತ್ತದೆ. ಆದುದರಿಂದ ಸಹಾಯಧನ ಬರುವವರೆಗಿನ ಖರ್ಚಿಗೆ ಸ್ವಂತ ಬಂಡವಾಳ ಮತ್ತು ಬ್ಯಾಂಕ್ ಸಾಲದ ವ್ಯವಸ್ಥೆ ಇಲ್ಲದವರು ಇದರಲ್ಲಿ ತೊಡಗುವ ಮುನ್ನ ಲೆಕ್ಕ ಹಾಕಿ ನೋಡಬೇಕು. ಸಹಾಯಧನವನ್ನು ಲಾಭವೆಂದು ಎಣಿಸದೆ, ಅದಿಲ್ಲದೆಯೂ ಘಟಕ ನಡೆಯಬಲ್ಲದೇ ಎಂದು ಪರಿಶೀಲಿಸುವುದು ವಿವೇಕ.

7. ವಲಸೆ ಹೋಗುವ ಕುರಿಗಾಹಿಗಳಿಗೆ ಸೂಚನೆ

ಮೇವು ನೀರು ಅರಸಿ ಮಂದೆಯೊಂದಿಗೆ ತಿಂಗಳುಗಟ್ಟಲೆ ಊರು ಬಿಡುವ ಕುರಿಗಾಹಿಗಳು ನೀರಾವರಿ ಪ್ರದೇಶದ ಹೊಲಗಳಲ್ಲಿ ಮಂದೆ ನಿಲ್ಲಿಸಿ ಜೀವನ ಸಾಗಿಸುತ್ತಾರೆ. ಇವರ ವಿಷಯದಲ್ಲಿ ದಾಖಲೆಗಳು ಊರಿನಲ್ಲಿಯೂ, ಪ್ರಾಣಿಗಳು ದಾರಿಯಲ್ಲಿಯೂ ಇರುವುದರಿಂದ ತೊಂದರೆ ಹೆಚ್ಚು. ಊರು ಬಿಡುವ ಮುನ್ನ ಈ ಕೆಳಕಂಡ ಸಿದ್ಧತೆ ಮಾಡಿಕೊಳ್ಳುವುದು ಅನುಕೂಲಕರ:

• ಮಂದೆಗೆ ಲಸಿಕೆ ಹಾಕಿಸಿ, ಓಲೆಯ ಸಂಖ್ಯೆಗಳ ಪಟ್ಟಿ ಇಟ್ಟುಕೊಳ್ಳುವುದು.
• ಆಧಾರ್ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ನೆರಳಚ್ಚು ಪ್ರತಿಗಳನ್ನು ಜೊತೆಯಲ್ಲಿ ಒಯ್ಯುವುದು.
• ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳುವುದು.
• ದಾರಿಯಲ್ಲಿ ಪ್ರಾಣಿ ಸತ್ತಲ್ಲಿ ಏನು ಮಾಡಬೇಕೆಂಬುದನ್ನು, ಹೊರಡುವ ಮೊದಲೇ ಸ್ವಂತ ಊರಿನ ಪಶುವೈದ್ಯಾಧಿಕಾರಿಗಳಿಂದ ತಿಳಿದುಕೊಳ್ಳುವುದು.

ರಾಜ್ಯದಲ್ಲಿ 1962 ಸಂಖ್ಯೆಗೆ ಉಚಿತ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಕೋರಬಹುದು. ಸಾಂಪ್ರದಾಯಿಕ ವಲಸೆ ಕುರಿಗಾಹಿಗಳ ಕಲ್ಯಾಣ ಹಾಗೂ ದೌರ್ಜನ್ಯಗಳಿಂದ ಅವರ ರಕ್ಷಣೆಗೆ ಸಂಬಂಧಿಸಿದ ವಿಧೇಯಕಕ್ಕೆ 2025ರಲ್ಲಿ ರಾಜ್ಯ ವಿಧಾನಮಂಡಲದ ಅಂಗೀಕಾರ ದೊರೆತಿದೆ.

8. ಹಣ ಮಂಜೂರಾಗಿಯೂ ಖಾತೆಗೆ ಬಾರದಿದ್ದಲ್ಲಿ

ಅರ್ಹತೆ ಇದ್ದು, ಮಂಜೂರಾತಿಯೂ ದೊರೆತು, ಹಣ ಮಾತ್ರ ಬಾರದ ಪ್ರಕರಣಗಳಲ್ಲಿ ಈ ಕೆಳಕಂಡ ಅಂಶಗಳನ್ನು ಕ್ರಮವಾಗಿ ಪರಿಶೀಲಿಸಬೇಕು.

ಅ) ಆಧಾರ್ ಜೋಡಣೆ: ಆಧಾರ್ ಆಧಾರಿತ ಪಾವತಿಯಲ್ಲಿ ಹಣವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದಾಗ ಜೋಡಣೆ ಅಲ್ಲಿಗೆ ಬದಲಾಗಿರಬಹುದು. ಹಣ ಬಂದಿಲ್ಲವೆಂದು ದೂರುವ ಮೊದಲು ತಮ್ಮ ಎಲ್ಲ ಖಾತೆಗಳನ್ನೂ ನೋಡಬೇಕು.

ಆ) ಹೆಸರಿನ ವ್ಯತ್ಯಾಸ: ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದಲ್ಲಿ ಹೊಂದಾಣಿಕೆಯಾಗದೆ ತಡೆಯುಂಟಾಗುತ್ತದೆ. ತಂದೆಯ ಹೆಸರು ಅಥವಾ ಊರಿನ ಹೆಸರು ಒಂದರಲ್ಲಿ ಮಾತ್ರ ಸೇರಿರುವುದು ಸಾಮಾನ್ಯ ಕಾರಣ.

ಇ) ಇ-ಕೆವೈಸಿ: ಕಿಸಾನ್ ಸಮ್ಮಾನ್ ನಿಧಿಗೆ ಇದು ಕಡ್ಡಾಯ. ಬೆರಳಚ್ಚು ಸವೆದು ಯಂತ್ರ ಗುರುತಿಸದ ವಯೋವೃದ್ಧರು ಮೊಬೈಲ್ ಒಟಿಪಿ ಅಥವಾ ಮುಖ ಗುರುತಿನ ವಿಧಾನವನ್ನು ಬಳಸಬಹುದು. ಈ ಯೋಜನೆಯ ಸಹಾಯವಾಣಿ ಸಂಖ್ಯೆ 155261.

ಈ) ಖಾತೆಯ ಸ್ಥಿತಿ: ಬಹುಕಾಲ ವ್ಯವಹಾರ ಮಾಡದ ಅಥವಾ ಕೆವೈಸಿ ನವೀಕರಿಸದ ಖಾತೆಗೆ ಜಮಾ ಆಗದೆ ಹಣ ಹಿಂತಿರುಗಬಹುದು.

ಫಲಾನುಭವಿ ಮರಣ ಹೊಂದಿದಲ್ಲಿ ಕುಟುಂಬದವರು ಕಚೇರಿಗೆ ತಿಳಿಸಬೇಕು. ಮರಣಾನಂತರ ಮೃತರ ಹೆಸರಿಗೆ ಬಂದ ಕಂತುಗಳನ್ನೂ, ಅನರ್ಹರು ಪಡೆದ ಹಣವನ್ನೂ ವಸೂಲು ಮಾಡಲು ಅವಕಾಶವಿದೆ. ತಿಳಿಯದೆ ಪಡೆದವರು ಸ್ವಯಂಪ್ರೇರಿತರಾಗಿ ಹಿಂತಿರುಗಿಸಲು ಕಿಸಾನ್ ಸಮ್ಮಾನ್ ನಿಧಿಯ ಜಾಲತಾಣದಲ್ಲಿಯೇ ವ್ಯವಸ್ಥೆಯಿದೆ.

9. ಅರ್ಜಿದಾರರ ಹಕ್ಕುಗಳು

ಅರ್ಜಿ ಸಲ್ಲಿಸಿದವರು ಸ್ವೀಕೃತಿ ಪಡೆಯುವುದು ಅವರ ಹಕ್ಕು. 2012ರ ಏಪ್ರಿಲ್‌ನಲ್ಲಿ ರಾಜ್ಯಾದ್ಯಂತ ಜಾರಿಗೆ ಬಂದ ಸಕಾಲ ಅಧಿನಿಯಮದ ವ್ಯಾಪ್ತಿಯ ಸೇವೆಗಳಿಗೆ 15 ಅಂಕಿಗಳ ಸಂಖ್ಯೆ ನೀಡಲಾಗುತ್ತದೆ. ನಿಗದಿತ ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂ.ಗಳಂತೆ ಗರಿಷ್ಠ 500 ರೂ.ಗಳವರೆಗೆ ಪರಿಹಾರಕ್ಕೂ ಅವಕಾಶವಿದೆ.

ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಬಿ) ಪ್ರಕರಣದಂತೆ ಸಹಾಯಧನ ಕಾರ್ಯಕ್ರಮಗಳ ಅನುಷ್ಠಾನದ ರೀತಿ, ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರಗಳನ್ನು ಸಾರ್ವಜನಿಕ ಪ್ರಾಧಿಕಾರಗಳು ತಾವಾಗಿಯೇ ಪ್ರಕಟಿಸಬೇಕು. ತಮ್ಮ ಅರ್ಜಿ ಏಕೆ ತಿರಸ್ಕೃತವಾಯಿತು ಎಂಬುದನ್ನು 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕೇಳಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕು.

ಸಹಾಯಧನ ಕೊಡಿಸುವುದಾಗಿ ಹೇಳಿ ಮುಂಗಡ ಹಣ ಅಥವಾ ಪಾಲು ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಒಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಬಾರದು.

10. ಸಾರಾಂಶ

• ಪಹಣಿ ಮೃತರ ಹೆಸರಿನಲ್ಲಿದ್ದಲ್ಲಿ ಮೊದಲು ಪೌತಿ ಖಾತೆಗೆ ಅರ್ಜಿ: ನಾಡಕಚೇರಿ.
• ಎಲ್ಲ ಸರ್ವೆ ನಂಬರುಗಳ ಫ್ರೂಟ್ಸ್ ಜೋಡಣೆ: ರೈತ ಸಂಪರ್ಕ ಕೇಂದ್ರ.
• ಹಾಲಿನ ಪ್ರೋತ್ಸಾಹಧನ: ಹಾಲು ಉತ್ಪಾದಕರ ಸಹಕಾರ ಸಂಘ.
• ಜಾನುವಾರು ಮರಣ, ಓಲೆ, ವಿಮೆ: ಹತ್ತಿರದ ಪಶುವೈದ್ಯ ಸಂಸ್ಥೆ.
• ಪ್ರಕೃತಿ ವಿಕೋಪದ ನಷ್ಟ: ಗ್ರಾಮ ಆಡಳಿತಾಧಿಕಾರಿ ಹಾಗೂ ತಹಶೀಲ್ದಾರರ ಕಚೇರಿ.
• ಆಧಾರ್ ಜೋಡಣೆ, ಕೆವೈಸಿ: ಖಾತೆ ಇರುವ ಬ್ಯಾಂಕ್ ಶಾಖೆ.

ಮೇಲ್ಕಂಡ ದಾಖಲೆಗಳಲ್ಲಿ ಹೆಚ್ಚಿನವು ನಷ್ಟ ಸಂಭವಿಸುವ ಮೊದಲೇ ಸಿದ್ಧಪಡಿಸಿಕೊಳ್ಳಬಹುದಾದವು. ಬರ ಬಂದ ಮೇಲೆ, ಕುರಿ ಸತ್ತ ಮೇಲೆ ಕಚೇರಿಗಳಿಗೆ ಅಲೆಯುವುದಕ್ಕಿಂತ, ಬಿಡುವಿನ ದಿನಗಳಲ್ಲಿ ಪಹಣಿ, ಓಲೆ ಮತ್ತು ಪಾಸ್ ಪುಸ್ತಕ ಈ ಮೂರನ್ನು ಒಮ್ಮೆ ಪರಿಶೀಲಿಸಿಕೊಂಡಲ್ಲಿ ತಮಗೆ ಸಲ್ಲಬೇಕಾದ ಹಣ ತಮಗೇ ಸಲ್ಲುವಂತೆ ಮಾಡಿಕೊಳ್ಳಬಹುದು. ಅರ್ಹ ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.